ಹಾವಿನ ಬಾಯಿಗೆ ಮರದ ಸಿಪ್ಪೆ ಸಿಕ್ಕಿದರೆ: ತಪ್ಪು ಎಲ್ಲಿದೆ ಎಂದು ಹುಡುಕುವ ಕೈಪಿಡಿ

ನೀವು ಸಾಕಿದ ಹಾವು ಈಗಷ್ಟೇ ಇಲಿ ನುಂಗಿದೆ. ಬಾಯಿಯ ಅಂಚಿನಿಂದ ಪೆಟ್ಟಿಗೆಯ ತಳಕ್ಕೆ ಹಾಸಾಗಿ ಹಾಕಿದ, ತೆಳುವಾಗಿ ಹೆರೆದ ಮರದ ಸಿಪ್ಪೆಯೊಂದು ಹೊರಗೆ ಚಾಚಿಕೊಂಡಿದೆ. ಹಾಗಿದ್ದರೆ ಮೊದಲ ಮಾತು: ಕೈ ಹಾಕಬೇಡಿ. ನೀರಿನ ಬಟ್ಟಲು ತುಂಬಿದೆಯಾ ನೋಡಿ, ಪೆಟ್ಟಿಗೆ ಮುಚ್ಚಿ, ಅರ್ಧ ಗಂಟೆ ಅದರ ಪಾಡಿಗೆ ಬಿಡಿ. ಆ ಅರ್ಧ ಗಂಟೆಯಲ್ಲಿ ಇದನ್ನು ಓದಿ.

ನಾನು ಮೊದಲ ಸಲ ಇದನ್ನು ಕಂಡಾಗ ಹಾಗೆ ಮಾಡಲಿಲ್ಲ. ನನ್ನ ವಿಷವಿಲ್ಲದ ಸಾಕುಹಾವು ಕಾರ್ನ್ ಸ್ನೇಕ್‌ಗೆ ಆಗ ಎಂಟು ತಿಂಗಳು. ಬಾಯಿಯ ಎಡಗಡೆ, ಉಗುರಿನಷ್ಟು ಉದ್ದದ ಬೆಳ್ಳಗಿನ ಸಿಪ್ಪೆ. ಗಾಬರಿಯಾಗಿ ಚಿಮಟ ತಂದು ಎಳೆದೆ. ಸಿಪ್ಪೆ ಮುರಿಯಿತು, ಅರ್ಧ ಒಳಗೇ ಉಳಿಯಿತು. ಒಸಡಿನ ಮೇಲೆ ಸೂಜಿಮೊನೆಯಷ್ಟು ರಕ್ತ. ಹಾವಿನ ಹಲ್ಲುಗಳೆಲ್ಲ ಗಂಟಲಿನ ಕಡೆಗೆ ಬಾಗಿರುತ್ತವೆ. ಒಳಗೆ ಹೋಗುವುದು ಸುಲಭ, ಹೊರಗೆ ಎಳೆದದ್ದು ಕೊಕ್ಕೆಗೆ ಸಿಕ್ಕಂತೆ ಸಿಕ್ಕಿಕೊಳ್ಳುತ್ತದೆ. ಉಳಿದ ಅರ್ಧವನ್ನು ಹಾವೇ ನೀರು ಕುಡಿದು, ಎರಡು ಸಲ ದೊಡ್ಡದಾಗಿ ಬಾಯಿ ತೆರೆದು ಹೊರಗೆ ಹಾಕಿತು. ಆ ಗಾಯ ನಾನು ಮಾಡಿದ್ದು, ಸಿಪ್ಪೆ ಮಾಡಿದ್ದಲ್ಲ.

ಆಮೇಲೆ ಎಷ್ಟೋ ಊಟಗಳಾದವು. ಈಗ ಏನೇ ತೊಂದರೆ ಕಂಡರೂ ಎರಡು ಪ್ರಶ್ನೆ ಮೊದಲು ಕೇಳಿಕೊಳ್ಳುತ್ತೇನೆ. ಇಲಿ ಒದ್ದೆಯಾಗಿತ್ತಾ? ಹಾವು ಮಲಗುವ ಜಾಗದಲ್ಲಿ ನಿಜವಾಗಿ ಎಷ್ಟು ಬಿಸಿ ಇದೆ? ಹಾಸನ್ನು ದೂರುವುದು ಆಮೇಲೆ.

ಎಷ್ಟು ಒಳಗೆ ಹೋದರೆ ಚಿಂತೆ?

ಒಂದೆರಡು ಚೂರು ಹೋದರೆ ಆರೋಗ್ಯವಾಗಿರುವ ಹಾವಿಗೆ ಏನೂ ಆಗುವುದಿಲ್ಲ. ಕಾಡಿನಲ್ಲಿ ಯಾವ ಹಾವೂ ತಟ್ಟೆಯಲ್ಲಿ ತಿನ್ನುವುದಿಲ್ಲ ಅಲ್ವಾ? ಬೇಟೆಯ ಜೊತೆ ಎಲೆ, ಮಣ್ಣು, ಕಡ್ಡಿ ಹೋಗುತ್ತಲೇ ಇರುತ್ತವೆ. ಇಲಿಯ ಮೂಳೆ ಹಾವಿನ ಹೊಟ್ಟೆಯಲ್ಲಿ ಕರಗಿಹೋಗುತ್ತದೆ. ಕೂದಲು ಹೆಚ್ಚಾಗಿ ಕರಗದೆ ಮಲದ ಜೊತೆ ಬರುತ್ತದೆ. ಮರವೂ ಕರಗುವುದಿಲ್ಲ, ಚಿಕ್ಕ ಚೂರು ಆ ಕೂದಲಿನ ಜೊತೆಗೇ ಸುತ್ತಿಕೊಂಡು ಹೊರಗೆ ಬೀಳುತ್ತದೆ. ನಿಮ್ಮ ಹಾವಿನ ಮಲವನ್ನು ಒಂದು ಸಲ ಬಿಡಿಸಿ ನೋಡಿ, ಕಣ್ಣಿಗೇ ಕಾಣುತ್ತದೆ.

ಚಿಂತೆ ಮಾಡಬೇಕಾದ್ದು ನಾಲ್ಕು ಸಂದರ್ಭದಲ್ಲಿ. ಪ್ರತಿ ಊಟಕ್ಕೂ ಹಿಡಿಗಟ್ಟಲೆ ಸಿಪ್ಪೆ ಅಂಟಿಕೊಂಡು ಹೋಗುತ್ತಿದ್ದರೆ. ಹಾವು ತೀರಾ ಮರಿಯಾಗಿದ್ದು ಚೂರು ದೊಡ್ಡದಾಗಿದ್ದರೆ. ಪೆಟ್ಟಿಗೆ ತಣ್ಣಗಿದ್ದರೆ. ಮೈಯಲ್ಲಿ ನೀರು ಕಡಿಮೆಯಾಗಿದ್ದರೆ. ಕೊನೆಯ ಎರಡು ಇದ್ದಾಗ ಸ್ವಲ್ಪ ಸಿಪ್ಪೆಯೂ ಕರುಳಿನಲ್ಲಿ ನಿಂತುಬಿಡಬಹುದು.

ತೊಂದರೆ: ಪ್ರತಿ ಸಲವೂ ಇಲಿಗೆ ಸಿಪ್ಪೆ ಅಂಟುತ್ತದೆ

ಹತ್ತರಲ್ಲಿ ಒಂಬತ್ತು ಸಲ ಇಲಿ ಒದ್ದೆ ಇರುತ್ತದೆ ಎಂದೇ ಹಿಡಿದು ಹುಡುಕಿ. ಒಣಗಿದ ಕೂದಲಿಗೆ ಸಿಪ್ಪೆ ಅಷ್ಟಾಗಿ ಹಿಡಿಯುವುದಿಲ್ಲ. ಒದ್ದೆ ಕೂದಲಿಗೆ ಹಿಟ್ಟಿನಲ್ಲಿ ಹೊರಳಿಸಿದಂತೆ ಮೆತ್ತಿಕೊಳ್ಳುತ್ತದೆ.

ಫ್ರೀಜರ್‌ನಿಂದ ತೆಗೆದ, ಊಟಕ್ಕೆಂದೇ ಹೆಪ್ಪುಗಟ್ಟಿಸಿಟ್ಟ ಸತ್ತ ಇಲಿಯನ್ನು ಹಲವರು ಹಾಗೇ ಬಿಸಿನೀರಿಗೆ ಹಾಕುತ್ತಾರೆ. ತಪ್ಪು ಅಲ್ಲೇ ಶುರು. ಇಲಿಯನ್ನು ಜಿಪ್ ಕವರಿನಲ್ಲಿ ಹಾಕಿ, ಗಾಳಿ ತೆಗೆದು, ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ. ಮರುದಿನ ಕವರ್ ಬಿಚ್ಚದೆ ಬೆಚ್ಚನೆಯ ನೀರಿನಲ್ಲಿ ಮುಳುಗಿಸಿ. ನೀರು ಕೈಗೆ ಚೆನ್ನಾಗಿ ಬಿಸಿ ಅನಿಸಬೇಕು, ಸುಡಬಾರದು. ಸಣ್ಣ ಇಲಿಗೆ 10ರಿಂದ 15 ನಿಮಿಷ ಸಾಕು. ಇಲಿಯ ಮೈ ಸುಮಾರು 38ರಿಂದ 40 ಡಿಗ್ರಿ ಇದ್ದರೆ ಒಳ್ಳೆಯದು. ಹೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ನಡುವೆ ಗಟ್ಟಿ ಅಥವಾ ತಣ್ಣಗೆ ಇರಬಾರದು. ಕುದಿಯುವ ನೀರು ಬೇಡ, ಮೈಕ್ರೋವೇವ್ ಬೇಡವೇ ಬೇಡ. ಅಲ್ಲಲ್ಲಿ ಬೆಂದು ಹೊಟ್ಟೆ ಒಡೆಯುತ್ತದೆ. ಒಡೆದ ಹೊಟ್ಟೆಯ ಇಲಿಯಷ್ಟು ಸಿಪ್ಪೆ ಎಳೆಯುವುದು ಬೇರೆ ಯಾವುದೂ ಇಲ್ಲ. ಒಮ್ಮೆ ಕರಗಿಸಿದ ಇಲಿಯನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ.

ಕವರಿನಿಂದ ತೆಗೆದ ಮೇಲೆ ಟಿಶ್ಯೂ ಕಾಗದದಲ್ಲಿ ಒತ್ತಿ ಒರೆಸಿ. ಬೆನ್ನು ಒಣಗಿದ್ದು ನೋಡಿ ಸಾಕು ಅಂದುಕೊಳ್ಳುತ್ತೇವೆ. ಒದ್ದೆ ಉಳಿಯುವುದು ಕಾಲಿನ ಸಂದಿಯಲ್ಲಿ, ಗಂಟಲ ಕೆಳಗೆ, ಬಾಲದ ಬುಡದಲ್ಲಿ. ಕರಗುವಾಗ ಮೂಗಿನಿಂದ ಒಂದು ಹನಿ ರಕ್ತ, ಹಿಂದಿನಿಂದ ಸ್ವಲ್ಪ ಮೂತ್ರ ಬಂದಿರುತ್ತದೆ. ಅದನ್ನೂ ಒರೆಸಿ. ಕೊನೆಗೆ ಒಂದು ಒಣ ಬಿಳಿ ಟಿಶ್ಯೂ ಮೇಲೆ ಇಲಿಯನ್ನು ಒಂದು ಸುತ್ತು ಹೊರಳಿಸಿ. ಒದ್ದೆ ಗುರುತು ಬಿದ್ದರೆ ಇನ್ನೂ ಒಣಗಿಲ್ಲ. ನಾನು ಈ ಒಂದು ಪರೀಕ್ಷೆಯನ್ನು ಈವತ್ತಿಗೂ ಬಿಟ್ಟಿಲ್ಲ. ಎಲ್ಲ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಇಲಿಯಿಂದಲೂ ಹಾವಿನಿಂದಲೂ ಸಾಲ್ಮೊನೆಲ್ಲಾ ಬರಬಹುದು.

ಕೂದಲೇ ಹುಟ್ಟದ ಇಲಿಮರಿ ಕೊಡುವವರಿಗೆ ಒಂದು ಮಾತು. ಅದರ ಮೈ ಒರೆಸಿದರೂ ಅಂಟಂಟು. ಅದನ್ನು ಸಿಪ್ಪೆಯ ಮೇಲೆ ಇಡುವುದೇ ಬೇಡ. ನಿಜ ಹೇಳಬೇಕೆಂದರೆ, ಅಷ್ಟು ಚಿಕ್ಕ ಊಟ ತಿನ್ನುವ ಹಾವುಮರಿಗೆ ಮರದ ಹಾಸೇ ಬೇಡ. ಮೊದಲ ಕೆಲವು ತಿಂಗಳು ಟಿಶ್ಯೂ ಕಾಗದದ ಹಾಸು ಸಾಕು, ಮಲ ಬಂತಾ ಇಲ್ಲವಾ ಎಂದೂ ತಕ್ಷಣ ಗೊತ್ತಾಗುತ್ತದೆ.

ಇಲಿ ಒಣಗಿದ್ದರೂ ಅಂಟುತ್ತಿದೆ ಅಂದರೆ ಹಾವು ಅದನ್ನು ಯಾವ ಕಡೆಯಿಂದ ನುಂಗುತ್ತಿದೆ ನೋಡಿ. ತಲೆಯಿಂದ ಶುರುಮಾಡಿದರೆ ಕೂದಲೂ ಕಾಲೂ ಹಿಂದಕ್ಕೆ ಮಡಿಸಿಕೊಂಡು ನುಣ್ಣಗೆ ಒಳಗೆ ಹೋಗುತ್ತವೆ. ಬಾಲದ ಕಡೆಯಿಂದ ಶುರುಮಾಡಿದರೆ ಕೂದಲು ಎದ್ದುನಿಂತು, ಕಾಲು ಅಗಲಿಸಿ, ದಾರಿಯಲ್ಲಿ ಸಿಕ್ಕ ಸಿಪ್ಪೆಯನ್ನೆಲ್ಲ ಬಾಚಿಕೊಂಡು ಹೋಗುತ್ತದೆ. ಸುಮಾರು 30 ಸೆಂಟಿಮೀಟರ್ ಉದ್ದದ ಚಿಮಟದಲ್ಲಿ ಇಲಿಯ ಸೊಂಟ ಹಿಡಿದು, ತಲೆ ಹಾವಿನ ಕಡೆಗೆ ಬರುವಂತೆ ಕೊಡಿ. ಇಲಿಯ ದಪ್ಪವೂ ಮುಖ್ಯ. ಹಾವಿನ ನಡುಮೈಯ ಅತಿ ದಪ್ಪನೆಯ ಜಾಗದಷ್ಟು, ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ, ಸಾಕು. ದೊಡ್ಡ ಇಲಿ ಕೊಟ್ಟರೆ ನುಂಗಲು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಹಾವು ಅದನ್ನು ಹಾಸಿನ ಮೇಲೆ ಎಳೆದಾಡುತ್ತಿರುತ್ತದೆ.

ಎಲ್ಲಿ ಇಟ್ಟು ಕೊಡುವುದು

ಒಂದು ಅಗಲವಾದ ಟೈಲ್ಸ್ ತುಂಡು ಅಥವಾ ಅಂಚಿಲ್ಲದ ಚಪ್ಪಟೆ ತಟ್ಟೆ ಇಡಿ. ಹಾವು ಸುರುಳಿ ಸುತ್ತಿ ಕೂತರೆ ಎಷ್ಟು ಜಾಗ ಬೇಕೋ ಅದಕ್ಕಿಂತ ದೊಡ್ಡದಿರಲಿ. ಚಿಕ್ಕ ತಟ್ಟೆ ಇಟ್ಟರೆ ಇಲಿಯನ್ನು ಸುತ್ತಿಕೊಂಡು ಉರುಳಿ ಸಿಪ್ಪೆಯ ಮೇಲೇ ಬೀಳುತ್ತದೆ. ಸತ್ತ ಇಲಿಯನ್ನೂ ಸುತ್ತಿ ಹಿಸುಕುವ ಹಾವುಗಳು ಬೇಕಾದಷ್ಟಿವೆ.

ನನಗೆ ಇದಕ್ಕಿಂತ ಇಷ್ಟವಾದ ಉಪಾಯ ಬೇರೆ. ಊಟದ ದಿನ ಪೆಟ್ಟಿಗೆಯ ಮುಂದಿನ ಮೂಲೆಯ ಸಿಪ್ಪೆಯನ್ನು ಅಂಗೈಯಿಂದ ಪಕ್ಕಕ್ಕೆ ಸರಿಸಿ ನೆಲ ಬರಿದು ಮಾಡುತ್ತೇನೆ. ಇಲಿ ಅಲ್ಲೇ. ಊಟವಾದ ಮರುದಿನ ಸಿಪ್ಪೆ ವಾಪಸ್. ಕೆಲವು ಹಾವುಗಳು ಇಲಿಯನ್ನು ಕಚ್ಚಿಕೊಂಡು ತಮ್ಮ ಗೂಡಿಗೇ ಎಳೆದುಕೊಂಡು ಹೋಗುತ್ತವೆ. ಅಂಥದ್ದಕ್ಕೆ ಗೂಡನ್ನೇ ಟೈಲ್ಸ್ ಮೇಲೆ ಇಟ್ಟುಬಿಡಿ. ಎಳೆಯುವುದನ್ನು ತಡೆಯಲು ಹೋದರೆ ಇಲಿಯನ್ನು ಬಿಟ್ಟು ಊಟವನ್ನೇ ಮರೆಯುತ್ತದೆ.

ಇಲಿಯ ಕೆಳಗೆ ಬಟ್ಟೆ ಹಾಸಬೇಡಿ. ಮೃದು ಟಿಶ್ಯೂ ಕೂಡ ಬೇಡ. ಇಲಿಯ ವಾಸನೆ ಹತ್ತಿದ ಬಟ್ಟೆಯನ್ನು ಹಾವು ಇಲಿಯ ಜೊತೆಗೇ ನುಂಗಲು ಶುರುಮಾಡಬಹುದು. ಸಿಪ್ಪೆಗಿಂತ ಅದು ಎಷ್ಟೋ ಅಪಾಯ. (ಹಾವುಮರಿಯ ಟಿಶ್ಯೂ ಹಾಸಿನ ಮೇಲೂ ಅಷ್ಟೇ, ಊಟಕ್ಕೆ ಒಂದು ಪ್ಲಾಸ್ಟಿಕ್ ಮುಚ್ಚಳ ಇಡಿ.)

ಬೇರೆ ಡಬ್ಬಿಗೆ ಎತ್ತಿಹಾಕಿ ಊಟ ಕೊಡಬೇಕು, ಇಲ್ಲದಿದ್ದರೆ ಪೆಟ್ಟಿಗೆಗೆ ಕೈ ಹಾಕಿದಾಗ ಕಚ್ಚುತ್ತದೆ ಎಂಬ ಹಳೆಯ ಸಲಹೆ ನೀವೂ ಕೇಳಿರುತ್ತೀರಿ. ನನಗೆ ಅದು ಒಪ್ಪಿಗೆಯಿಲ್ಲ. ಹೊಟ್ಟೆ ತುಂಬಿದ ಹಾವನ್ನು ಎತ್ತಿದರೆ ಕಕ್ಕುವ ಸಾಧ್ಯತೆ ಜಾಸ್ತಿ, ಬೇಟೆಯ ಹುರುಪಿನಲ್ಲಿರುವ ಹಾವನ್ನು ಎತ್ತಿದರೆ ನಿಮ್ಮ ಕೈಗೂ ಕಚ್ಚಬಹುದು. ಊಟವಲ್ಲದ ದಿನ ಮೈ ಮುಟ್ಟುವ ಮೊದಲು ಒಂದು ಕೊಕ್ಕೆಯಿಂದ ಮೆಲ್ಲಗೆ ಸವರಿ. ಕೊಕ್ಕೆ ತಾಗಿದರೆ ಊಟವಿಲ್ಲ ಎಂದು ಅದು ಬೇಗ ಕಲಿಯುತ್ತದೆ.

ತೊಂದರೆ: ಇಲಿ ಬಿಟ್ಟು ಸಿಪ್ಪೆಯನ್ನೇ ಕಚ್ಚುತ್ತದೆ

ಹಾವು ನಾಲಿಗೆ ಚಾಚಿ ವಾಸನೆಯ ಕಣಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಅಂಗುಳಿನಲ್ಲಿರುವ ಜೇಕಬ್ಸನ್ ಅಂಗ ಅದನ್ನು ಓದುತ್ತದೆ. ಇಲಿ ಬಿದ್ದ ಜಾಗದ ಸಿಪ್ಪೆಗೆ ಇಲಿಯದ್ದೇ ವಾಸನೆ. ಅದಕ್ಕೆ ಊಟ ಮುಗಿದ ಮೇಲೂ ಅಲ್ಲೇ ಮೂಗು ತೂರಿಸಿ ಹುಡುಕುತ್ತದೆ, ಒಮ್ಮೊಮ್ಮೆ ಬಾಯಿ ಹಾಕುತ್ತದೆ. ಹಾವು ಗೂಡಿಗೆ ಹೋದ ಮೇಲೆ ಆ ಜಾಗದ ಒಂದು ಹಿಡಿ ಸಿಪ್ಪೆ ತೆಗೆದು ಬಿಸಾಡಿ. ಅಷ್ಟೇ.

ಬಾಲ್ ಪೈಥಾನ್ (ಚಿಕ್ಕ ಜಾತಿಯ ಹೆಬ್ಬಾವು), ಬೋವಾದಂಥ ಹಾವು ಗುರಿ ತಪ್ಪಿ ಸಿಪ್ಪೆಗೆ ಹೊಡೆಯುತ್ತಿದ್ದರೆ ಇಲಿ ತಣ್ಣಗಾಗಿರುತ್ತದೆ. ಇವು ಬಿಸಿಯನ್ನೂ ಹಿಡಿದು ಗುರಿ ಇಡುವ ಹಾವುಗಳು. ಇಲಿಗಿಂತ ಚಿಮಟ ಹಿಡಿದ ನಿಮ್ಮ ಕೈಯೇ ಬೆಚ್ಚಗಿದ್ದರೆ ಕೈಗೇ ಬರುತ್ತವೆ.

ತೊಂದರೆ: ಬಾಯಲ್ಲಿ ಚೂರು ಸಿಕ್ಕಿಕೊಂಡಿದೆ

ನುಂಗಿದ ಮೇಲೆ ಹಾವು ಆಕಳಿಸುವಂತೆ ಬಾಯಿ ತೆರೆದು ದವಡೆಯನ್ನು ಆಚೆ ಈಚೆ ಸರಿಸುತ್ತದೆ. ದವಡೆಯನ್ನು ಮತ್ತೆ ಕೂರಿಸಿಕೊಳ್ಳುವ ರೀತಿ ಅದು, ಕಾಯಿಲೆ ಅಲ್ಲ. ಕೆನ್ನೆಯನ್ನು ಕಲ್ಲಿಗೋ ಬಟ್ಟಲಿನ ಅಂಚಿಗೋ ಉಜ್ಜುವುದೂ ಸಹಜ. ಹೆಚ್ಚಿನ ಚೂರುಗಳು ಆಗಲೇ ಉದುರುತ್ತವೆ. ಉಸಿರು ಕಟ್ಟೀತು ಎಂಬ ಭಯ ಬೇಡ. ನುಂಗುವಾಗ ಶ್ವಾಸನಾಳದ ಬಾಯನ್ನು ಮುಂದಕ್ಕೆ ಚಾಚಿ ಉಸಿರಾಡುವ ಅನುಕೂಲ ಅದಕ್ಕಿದೆ.

ಮರುದಿನವೂ ಕಂಡರೆ ಇನ್ನೂ ಕಾಯಿರಿ. ಊಟವಾದ 48 ಗಂಟೆ ಹಾವನ್ನು ಎತ್ತಬಾರದು. ಅದಾದ ಮೇಲೂ ತುಟಿಯ ಅಂಚಿನಲ್ಲಿ ಸಡಿಲವಾಗಿ ಕೂತಿದ್ದರೆ, ಹತ್ತಿ ಸುತ್ತಿದ ಕಡ್ಡಿಯನ್ನು ಶುದ್ಧ ನೀರಿನಲ್ಲಿ ಅದ್ದಿ, ದವಡೆಯ ಉದ್ದಕ್ಕೆ ಪಕ್ಕಕ್ಕೆ ಜಾರಿಸಿ. ನೇರವಾಗಿ ಮುಂದಕ್ಕೆ ಎಳೆಯಬೇಡಿ. ಒಂದು ಸಲಕ್ಕೆ ಬಾರದಿದ್ದರೆ ನಿಲ್ಲಿಸಿ. ಬಾಯಿ ಬಲವಂತವಾಗಿ ತೆರೆಯುವುದು ಮನೆಯಲ್ಲಿ ಮಾಡುವ ಕೆಲಸವಲ್ಲ, ಸರೀಸೃಪಗಳನ್ನು ನೋಡಿ ಅನುಭವವಿರುವ ಪಶುವೈದ್ಯರ ಬಳಿ ಹೋಗಿ.

ಸಿಬಿರು ಒಸಡಿಗೆ ಚುಚ್ಚಿ ಉಳಿದರೆ ಬಾಯಿ ಹುಣ್ಣಾಗುತ್ತದೆ. ಒಸಡಿನಲ್ಲಿ ಕೆಂಪು ಚುಕ್ಕೆ, ಊತ, ದಾರದಂತೆ ಎಳೆಯುವ ಜೊಲ್ಲು, ಗಿಣ್ಣಿನಂತೆ ಗಟ್ಟಿಯಾದ ಹಳದಿ ಕೀವು, ತುಟಿಗಳು ಸರಿಯಾಗಿ ಕೂಡದಿರುವುದು ಇದರ ಗುರುತು. ಮನೆಯಲ್ಲಿ ತೊಳೆದು ವಾಸಿಯಾಗುವ ಹಂತ ಅದಲ್ಲ, ಔಷಧಿ ಬೇಕು. ಹಾವು ತಲೆ ಮೇಲೆತ್ತಿ ಬಾಯಿ ತೆರೆದೇ ಉಸಿರಾಡುತ್ತಿದ್ದರೆ, ಮೂಗಿನಲ್ಲಿ ಗುಳ್ಳೆ ಬರುತ್ತಿದ್ದರೆ, ರಕ್ತ ನಿಲ್ಲದಿದ್ದರೆ ಅದೇ ದಿನ ಹೊರಡಿ.

ತೊಂದರೆ: ಮಲ ಬಂದಿಲ್ಲ, ಸಿಪ್ಪೆ ಕಟ್ಟಿಕೊಂಡಿದೆಯಾ?

ಇಲ್ಲಿ ಅವಸರದಲ್ಲಿ ತೀರ್ಮಾನ ಮಾಡುವವರೇ ಜಾಸ್ತಿ. ಮೊದಲು ದಿನ ಲೆಕ್ಕ ಹಾಕಿ. ಕಾರ್ನ್ ಸ್ನೇಕ್ ಸಾಮಾನ್ಯವಾಗಿ ಊಟವಾದ ಒಂದು ವಾರದೊಳಗೆ ಮಲ ಹಾಕುತ್ತದೆ. ಬಾಲ್ ಪೈಥಾನ್ ಎರಡು ಮೂರು ಊಟ ಸೇರಿಸಿ ಒಂದೇ ಸಲ ಹಾಕುವುದುಂಟು. ಪೊರೆ ಬಿಡುವ ಮೊದಲು ತಡೆಹಿಡಿಯುವುದೂ ಉಂಟು. ನಿಮ್ಮ ಹಾವಿನ ರೂಢಿ ನಿಮಗೆ ಗೊತ್ತಿರಬೇಕು. ಊಟ, ಮಲ, ಪೊರೆ ಮೂರರ ತಾರೀಖನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಜ್ಞಾಪಕದಲ್ಲಿದೆ ಎನ್ನುವುದು ಬೇಡ.

ಎರಡನೆಯದು ಬಿಸಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮರದ ಹಾಸಿನ ನಿಜವಾದ ಸಮಸ್ಯೆ ಹೆಚ್ಚಾಗಿ ಇಲ್ಲೇ ಅಡಗಿರುತ್ತದೆ. ಸಿಪ್ಪೆಯ ನಡುವೆ ಗಾಳಿ ತುಂಬಿರುತ್ತದೆ. ಅದು ಕಂಬಳಿಯಂತೆ ಶಾಖವನ್ನು ತಡೆಯುತ್ತದೆ. ಪೆಟ್ಟಿಗೆಯ ಅಡಿಯಲ್ಲಿ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಚಪ್ಪಟೆ ಹಾಳೆ) ಇಟ್ಟು, ಮೇಲೆ ಒಂದು ಗೇಣು ಸಿಪ್ಪೆ ಹಾಕಿದರೆ ಏನಾಗುತ್ತದೆ? ಅಡಿಯ ಗಾಜು ಸುಡುತ್ತಿರುತ್ತದೆ, ಮೇಲೆ ಮಲಗಿದ ಹಾವಿಗೆ ಶಾಖವೇ ತಲುಪುವುದಿಲ್ಲ. ಗೋಡೆಗೆ ಅಂಟಿಸಿದ ಥರ್ಮಾಮೀಟರ್ ಬರೀ ಗಾಳಿಯ ಬಿಸಿ ತೋರಿಸುತ್ತದೆ. ನೀವು ಅದನ್ನು ನೋಡಿ ಮ್ಯಾಟಿನ ಬಿಸಿ ಏರಿಸುತ್ತೀರಿ. ರಾತ್ರಿ ಹಾವು ಬಿಲ ತೋಡಿ ಗಾಜಿನವರೆಗೆ ಇಳಿದು ಹೊಟ್ಟೆ ಸುಟ್ಟುಕೊಳ್ಳುತ್ತದೆ.

ಮ್ಯಾಟಿನ ಮೇಲೆ ಎರಡು ಮೂರು ಸೆಂಟಿಮೀಟರ್ ಸಿಪ್ಪೆ ಸಾಕು. ಆಳ ಬೇಕಿದ್ದರೆ ತಣ್ಣಗಿನ ಕಡೆ ಹಾಕಿ. ಬಿಸಿಯನ್ನು ತಾನೇ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕಲೇಬೇಡಿ. ಅದರ ತಂತಿಯ ತುದಿ ಮ್ಯಾಟಿನ ಮೇಲೇ ಕೂರಲಿ. ಇನ್ನೊಂದು ಥರ್ಮಾಮೀಟರಿನ ತುದಿಯನ್ನು ಬೆಚ್ಚಗಿನ ಗೂಡಿನೊಳಗೆ, ಹಾವಿನ ಹೊಟ್ಟೆ ತಾಗುವ ಮಟ್ಟದಲ್ಲಿ ಇಟ್ಟು ಒಂದು ಗಂಟೆ ಬಿಟ್ಟು ನೋಡಿ. ಕಾರ್ನ್ ಸ್ನೇಕ್‌ಗೆ ಬೆಚ್ಚಗಿನ ಜಾಗ 29ರಿಂದ 32 ಡಿಗ್ರಿ, ತಣ್ಣಗಿನ ಕಡೆ 22ರಿಂದ 24. ಬಾಲ್ ಪೈಥಾನ್‌ಗೆ ಬೆಚ್ಚಗಿನ ಜಾಗ 31ರಿಂದ 33. ನಾಲ್ಕೈದು ಡಿಗ್ರಿ ಕಡಿಮೆ ಬಂದರೆ ತಪ್ಪು ಸಿಕ್ಕಿತು ಅಂತಲೇ ತಿಳಿಯಿರಿ. ತಣ್ಣಗಿರುವ ಹಾವಿಗೆ ಬರೀ ಇಲಿಯೂ ಅರಗುವುದಿಲ್ಲ.

ಮೂರನೆಯದು ನೀರು. ಸಿಪ್ಪೆ ಬಟ್ಟಲಿಗೆ ಬಿದ್ದು ನೀರನ್ನೆಲ್ಲ ಹೀರಿ ಬಟ್ಟಲು ಒಣಗಿರುವುದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಬಟ್ಟಲನ್ನು ಸ್ವಲ್ಪ ಎತ್ತರದಲ್ಲಿಡಿ. ಹಾವಿನ ಚರ್ಮ ಸುಕ್ಕಾಗಿದ್ದರೆ, ಮಲದ ಜೊತೆ ಬರುವ ಬಿಳಿ ಭಾಗ ಸುಣ್ಣದ ಕಲ್ಲಿನಂತೆ ಗಟ್ಟಿಯಾಗಿದ್ದರೆ ಮೈಯಲ್ಲಿ ನೀರು ಕಡಿಮೆ.

ಈ ಮೂರೂ ಸರಿಯಿದ್ದರೆ ಆಮೇಲೆ ಮೈ ಮುಟ್ಟಿ ನೋಡಿ. ಹಾವನ್ನು ನಿಮ್ಮ ಬೆರಳುಗಳ ಮೇಲೆ ತಾನಾಗಿ ಹರಿಯಲು ಬಿಡಿ. ಗುದದ್ವಾರಕ್ಕಿಂತ ಸ್ವಲ್ಪ ಮುಂದೆ ಗಟ್ಟಿ ಗಂಟು ಬೆರಳಿಗೆ ತಾಗಬಹುದು. ಅದು ಮಲವಿರಬಹುದು, ಆ ಬಿಳಿ ಗಟ್ಟಿಯಿರಬಹುದು, ಹೆಣ್ಣಾದರೆ ಮೊಟ್ಟೆಯೂ ಇರಬಹುದು. ಗಂಡಿನ ಜೊತೆ ಸೇರದೆಯೂ ಹೆಣ್ಣು ಮೊಟ್ಟೆ ಇಡುತ್ತದೆ. ಅದಕ್ಕೇ ಒತ್ತಬೇಡಿ, ನೀವಬೇಡಿ. ಬಾಯಿಗೆ ಎಣ್ಣೆ ಬಿಡಬೇಡಿ. ಅದು ಶ್ವಾಸಕೋಶಕ್ಕೆ ಹೋದರೆ ಸಿಪ್ಪೆಗಿಂತ ದೊಡ್ಡ ಅಪಾಯ.

28ರಿಂದ 30 ಡಿಗ್ರಿಯ ನೀರನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ. ನೀರು ಹಾವಿನ ಬೆನ್ನು ಮುಳುಗದಷ್ಟು ಮಾತ್ರ. 15ರಿಂದ 20 ನಿಮಿಷ ಅದರಲ್ಲಿ ಬಿಡಿ, ನೀವು ಪಕ್ಕದಲ್ಲೇ ಕೂತಿರಿ. ಎಷ್ಟೋ ಸಲ ಮಲ ಆ ನೀರಿನಲ್ಲೇ ಬಂದುಬಿಡುತ್ತದೆ. ಬಾರದಿದ್ದರೆ ಮರುದಿನ ಇನ್ನೊಮ್ಮೆ. ಮಲ ಬರುವವರೆಗೆ ಹೊಸ ಊಟ ಕೊಡಬೇಡಿ. ಹೊಟ್ಟೆ ಒಂದೇ ಕಡೆ ಉಬ್ಬಿದ್ದರೆ, ತಿಣುಕಿದರೂ ಏನೂ ಬಾರದಿದ್ದರೆ, ಗುದದ್ವಾರದಿಂದ ಕೆಂಪು ಮಾಂಸ ಹೊರಬಂದಿದ್ದರೆ ಸ್ನಾನದ ಪ್ರಯೋಗವೂ ಬೇಡ, ನೇರ ವೈದ್ಯರ ಬಳಿ.

ಇಲಿಯನ್ನು ಕಕ್ಕಿದರೆ

ಕಕ್ಕಿದ್ದರಲ್ಲಿ ಸಿಪ್ಪೆ ಕಂಡ ಮಾತ್ರಕ್ಕೆ ಸಿಪ್ಪೆಯೇ ಕಾರಣವಲ್ಲ. ತಣ್ಣಗಿನ ಪೆಟ್ಟಿಗೆ, ದೊಡ್ಡ ಇಲಿ, ಊಟವಾದ ಮೇಲೆ ಎತ್ತಿದ್ದು, ಇವನ್ನು ಮೊದಲು ನೋಡಿ. 10ರಿಂದ 14 ದಿನ ಏನೂ ಕೊಡಬೇಡಿ, ನೀರು ಮಾತ್ರ ಸದಾ ಇರಲಿ. ಆಮೇಲೆ ಮೊದಲಿನ ಅರ್ಧದಷ್ಟು ಚಿಕ್ಕ ಇಲಿ. ಎರಡನೇ ಸಲವೂ ಕಕ್ಕಿದರೆ ವೈದ್ಯರಿಗೆ ತೋರಿಸಿ.

ಹಾಸೇ ತಪ್ಪಾಗಿದ್ದರೆ

ಸೀಡರ್ ಮರದ ಸಿಪ್ಪೆ ಬೇಡ, ಅದರ ಘಮಘಮ ಎಣ್ಣೆ ಹಾವಿಗೆ ವಿಷ. ಪೈನ್ ಕೂಡ ಬಿಟ್ಟುಬಿಡಿ. ವಾಸನೆಯಿಲ್ಲದ ಆಸ್ಪೆನ್ ಮರದ ಸಿಪ್ಪೆ ಒಳ್ಳೆಯದು. ಅದರಲ್ಲೂ ಮೃದುವಾಗಿ ಸುರುಳಿ ಸುತ್ತಿರುವ ತೆಳು ಸಿಪ್ಪೆ ಆರಿಸಿ. ಒಂದು ಹಿಡಿ ತೆಗೆದು ಮುಷ್ಟಿ ಬಿಗಿಯಿರಿ. ನಿಮ್ಮ ಅಂಗೈಗೆ ಚುಚ್ಚಿದರೆ ಹಾವಿನ ಒಸಡಿಗೂ ಚುಚ್ಚುತ್ತದೆ. ಧೂಳು ಜಾಸ್ತಿಯಿದ್ದರೆ ಜರಡಿ ಹಿಡಿಯಿರಿ.

ಒದ್ದೆಯಾದ ಆಸ್ಪೆನ್ ಬೇಗ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಹೆಚ್ಚು ತೇವ ಬೇಡದ ಕಾರ್ನ್ ಸ್ನೇಕ್, ಕಿಂಗ್ ಸ್ನೇಕ್, ಹಾಗ್‌ನೋಸ್‌ಗೆ ಇದು ಹೊಂದುತ್ತದೆ. ತೇವ ಬೇಕಾದ ಹಾವುಗಳಿಗೆ ಹೊಂದುವುದಿಲ್ಲ. ಬಾಲ್ ಪೈಥಾನ್‌ಗೆ ಆಸ್ಪೆನ್ ಹಾಕಿ, ಒಣಗುತ್ತದೆ ಎಂದು ಮೇಲೆ ನೀರು ಚಿಮುಕಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಬೇರೆ ಹಾಸು ಹುಡುಕಿ.

ವೈದ್ಯರ ಬಳಿ ಹೋಗುವುದಾದರೆ ತಾರೀಖಿನ ಪುಸ್ತಕ ಜೊತೆಗಿರಲಿ. ಒಂದು ಹಿಡಿ ಹಾಸನ್ನೂ ಕವರಿನಲ್ಲಿ ತೆಗೆದುಕೊಂಡು ಹೋಗಿ. ಮರ ಎಕ್ಸ್‌ರೇಯಲ್ಲಿ ಮೂಳೆಯಷ್ಟು ಚೆನ್ನಾಗಿ ಕಾಣುವುದಿಲ್ಲ. ನೀವು ತೋರಿಸದಿದ್ದರೆ ಅವರು ಏನನ್ನು ಹುಡುಕಬೇಕು ಎಂದು ಗೊತ್ತಾಗುವುದು ಕಷ್ಟ.